ಒಂದಕ್ಕೆ ತಟ್ಟೆ, ಒಂದಕ್ಕೆ ಕಡ್ಡಿ: ಗಿರಿಯ ಮರಗಳಲ್ಲಿ ಜೆಲ್ಲಿ ಲೈಕೆನ್ ಹುಡುಕುತ್ತಾ

ಗುರುವಾರ

ಅಕ್ಟೋಬರ್‌ನಲ್ಲಿ ಚಿಕ್ಕಮಗಳೂರಿಗೆ ಹೊರಟೆ ಅಂದರೆ ಎಲ್ಲರೂ "ಮುಳ್ಳಯ್ಯನಗಿರಿಗಾ?" ಅಂತ ಕೇಳುತ್ತಾರೆ. ಮರದ ತೊಗಟೆ ನೋಡೋಕೆ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ತೊಗಟೆ ನೋಡೋಕೆ ಇದಕ್ಕಿಂತ ಒಳ್ಳೆ ತಿಂಗಳಿಲ್ಲ. ಮುಂಗಾರಿನ ಹೊಡೆತ ಮುಗಿದಿರುತ್ತದೆ. ಇಂಬಳ ಕಡಿಮೆಯಾಗಿರುತ್ತದೆ, ಪೂರ್ತಿ ಹೋಗಿರುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಸಂಜೆ ಒಂದು ಮಳೆ ಬಂದು ಮರಗಳನ್ನು ನೆನೆಸಿ ಹೋಗುತ್ತದೆ. ಮಾರನೇ ಬೆಳಗ್ಗೆ ಲೈಕೆನ್‌ಗಳೆಲ್ಲ ಉಬ್ಬಿಕೊಂಡು ಕೂತಿರುತ್ತವೆ.

ಬೆಂಗಳೂರಿಂದ ಸುಮಾರು 245 ಕಿಲೋಮೀಟರ್. ಹಾಸನದ ಮೇಲೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ದಾರಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಚಿಕ್ಕಪ್ಪನ ತೋಟ ಕೈಮರ ದಾಟಿ ಗಿರಿ ರಸ್ತೆಯಲ್ಲಿದೆ. ಜೀಪು ತಂದು ಬಸ್‌ಸ್ಟ್ಯಾಂಡಲ್ಲಿ ಕಾಯುತ್ತಿದ್ದರು.

"ಏನಮ್ಮಾ, ರಜೆ ಹಾಕಿ ಪಾಚಿ ನೋಡೋಕೆ ಬಂದ್ಯಂತೆ?"

"ಪಾಚಿ ಅಲ್ಲ ಚಿಕ್ಕಪ್ಪ, ಲೈಕೆನ್."

"ಅದೇ, ಮರಕ್ಕೆ ಹತ್ತೋದು."

ಚಿಕ್ಕಮ್ಮನಿಗೆ ವಿವರಿಸುವುದು ಸುಲಭವಾಯಿತು. ಅವರ ಮಸಾಲೆ ಡಬ್ಬಿಯಲ್ಲೇ ಒಂದು ಲೈಕೆನ್ ಇತ್ತು. ಬಿಸಿಬೇಳೆಬಾತ್ ಪುಡಿಗೆ ಹಾಕುವ ಕಲ್ಲುಹೂವು. ಮೇಲ್ಗಡೆ ಬೂದಿ ಬಣ್ಣ, ಅಡಿಯಲ್ಲಿ ಕಪ್ಪು, ಮುರಿದರೆ ನಡುವೆ ಬಿಳಿ ಹತ್ತಿ. ಶಿಲೀಂಧ್ರ ಮನೆ ಕಟ್ಟುತ್ತದೆ, ಮೇಲ್ಪದರದ ಕೆಳಗೆ ಒಂದು ತೆಳು ಹಾಸಿನಲ್ಲಿ ಹಸಿರು ಪಾಚಿ ಕೂತು ಅಡುಗೆ ಮಾಡುತ್ತದೆ. ಲೈಕೆನ್ ಅಂದರೆ ಒಂದು ಜೀವಿ ಅಲ್ಲ, ಇಬ್ಬರ ಸಂಸಾರ ಅಂತ 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೇಳಿದಾಗ ಆ ಕಾಲದ ದೊಡ್ಡ ಲೈಕೆನ್ ಪಂಡಿತರೇ ಒಪ್ಪಲಿಲ್ಲ.

ನಾನು ನೋಡಲು ಬಂದದ್ದು ಈ ಡಬ್ಬಿಯಲ್ಲಿ ಇರುವಂಥದ್ದಲ್ಲ. ಜೆಲ್ಲಿ ಲೈಕೆನ್ ಅನ್ನುವ ಬಳಗದಲ್ಲಿ ಹಸಿರು ಪಾಚಿಯ ಬದಲು ನಾಸ್ಟಾಕ್ ಅನ್ನುವ ನೀಲಿ-ಹಸಿರು ಬ್ಯಾಕ್ಟೀರಿಯಾ ಇರುತ್ತದೆ. ಅದು ತನ್ನ ಸುತ್ತ ಅಂಟು ಸುರಿಸಿಕೊಳ್ಳುತ್ತದೆ. ಶಿಲೀಂಧ್ರದ ಎಳೆಗಳು ಆ ಅಂಟಿನೊಳಗೇ ಹರಿದಾಡುತ್ತವೆ. ಪದರ ಗಿದರ ಏನೂ ಇಲ್ಲ, ಎಲ್ಲ ಕಲಸುಮೇಲೋಗರ. ಒಣಗಿದರೆ ಕಾಗದಕ್ಕಿಂತ ಕಡೆ, ನೆನೆದರೆ ಲೊಳಲೊಳ.

ಈ ಬಳಗದಲ್ಲಿ ಲೆಪ್ಟೋಜಿಯಂ ಅನ್ನುವ ಕುಲದ ಎರಡು ಜಾತಿಗಳು ನನ್ನ ತಲೆ ತಿನ್ನುತ್ತಿದ್ದವು. ಒಂದು ಲೆಪ್ಟೋಜಿಯಂ ಅಜೂರಿಯಂ, ಇನ್ನೊಂದು ಲೆಪ್ಟೋಜಿಯಂ ಸಯನೆಸೆನ್ಸ್. ಎರಡೂ ನೀಲಿ ಬೂದು ಬಣ್ಣ, ಎರಡೂ ತೆಳುವು, ನುಣುಪು, ಎರಡೂ ತೊಗಟೆ ಮೇಲೆ ಬೆಳೆಯುತ್ತವೆ. ಫೋಟೋದಲ್ಲಿ ನೋಡಿದರೆ ಹತ್ತರಲ್ಲಿ ಆರು ಸಲ ಯಾವುದು ಯಾವುದು ಅಂತ ಹೇಳೋಕಾಗಲ್ಲ. ಅದಕ್ಕೇ ಮರದ ಹತ್ತಿರ ಬಂದದ್ದು.

ಶುಕ್ರವಾರ

ಬೆಳಗ್ಗೆ ಮೇಷ್ಟ್ರು ಬಂದರು. ಪಿಯುಸಿಯಲ್ಲಿ ನನಗೆ ಸಸ್ಯಶಾಸ್ತ್ರ ಹೇಳಿಕೊಟ್ಟವರು, ಈಗ ನಿವೃತ್ತರಾಗಿ ಚಿಕ್ಕಮಗಳೂರಲ್ಲೇ ಇದ್ದಾರೆ. ಕುತ್ತಿಗೆಯಲ್ಲಿ ದಾರ ಕಟ್ಟಿದ 10 ಪಟ್ಟಿನ ಲೆನ್ಸು, ಕೈಯಲ್ಲಿ ಗಿಡಗಳಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟ್ಲಿ. ಅಷ್ಟೇ ಸಾಮಾನು. ನಾನು ಬೇರೆ ಲೈಕೆನ್‌ಗಳಿಗೆ ಅಭ್ಯಾಸವಿದ್ದ ಹಾಗೆ ಬ್ಲೀಚ್ ದ್ರಾವಣದ ಪುಟ್ಟ ಶೀಶೆಯನ್ನೂ ತಂದಿದ್ದೆ. ಕಲ್ಲುಹೂವಿನ ಜಾತಿಗಳಲ್ಲಿ ಒಂದು ಹನಿ ಬಿಟ್ಟರೆ ಕೆಲವು ಕೆಂಪಾಗುತ್ತವೆ, ಕೆಲವು ಆಗಲ್ಲ, ಅದರಿಂದ ಜಾತಿ ಹಿಡಿಯಬಹುದು.

"ಅದನ್ನ ಒಳಗಿಡು," ಅಂದರು ಮೇಷ್ಟ್ರು. "ಇವುಗಳಲ್ಲಿ ಬಣ್ಣ ಬರೋ ರಾಸಾಯನಿಕಾನೇ ಇಲ್ಲ. ಇಲ್ಲಿ ಕಣ್ಣೇ ಗತಿ."

ತೋಟದ ಆಳುಗಳ ಲೈನ್ ಮನೆಗಳ ಹಿಂದಿನ ದಾರಿಯಿಂದ ಶುರು ಮಾಡಿದೆವು. ಮೊದಲ ಅರ್ಧ ಗಂಟೆ ಸಿಲ್ವರ್ ಓಕ್‌ಗಳ ನಡುವೆ. ಅಲ್ಲಿ ಬೂದಿ ಬಣ್ಣದ ಬೇರೆ ಲೈಕೆನ್‌ಗಳು ಬೇಕಾದಷ್ಟಿದ್ದವು, ನಮ್ಮದು ಒಂದೂ ಇಲ್ಲ. ಮೇಷ್ಟ್ರು ಆ ಮರಗಳ ಹತ್ತಿರ ನಿಲ್ಲಲೂ ಇಲ್ಲ. ನಾಸ್ಟಾಕ್ ಇರುವ ಲೈಕೆನ್‌ಗಳು ಹುಳಿ ಕಮ್ಮಿ ಇರುವ, ಸತ್ವ ಇರುವ ತೊಗಟೆಯನ್ನು ಹುಡುಕುತ್ತವೆ. ತೋಟದ ಹಳೇ ನೆರಳಿನ ಮರಗಳಾದ ಅತ್ತಿ, ಬಸರಿ, ಹಲಸು, ಹಾಲುವಾಣಗಳ ಕಡೆ ನಡೆದರು. ಹಳೇ ಮರ ಕಡಿದು ಸಿಲ್ವರ್ ಓಕ್ ಹಾಕಿದ ತೋಟಗಳಲ್ಲಿ ಏನು ಹೋಯಿತು ಅಂತ ಯಾರೂ ಲೆಕ್ಕ ಇಟ್ಟಿರಲ್ಲ. ಹಕ್ಕಿಗಳ ಲೆಕ್ಕ ಇಡುವವರಾದರೂ ಇದ್ದಾರೆ.

ಹಲಸಿನ ಮರದಲ್ಲಿ ಮೆಣಸಿನ ಬಳ್ಳಿ ಹಬ್ಬದೆ ಬಿಟ್ಟ ಒಂದು ಪಟ್ಟಿ ಇತ್ತು. ಕವಲಿನಿಂದ ಇಳಿದ ಮಳೆನೀರು ಅದೇ ಜಾಡಿನಲ್ಲಿ ಹರಿಯುತ್ತದೆ. ಆ ಜಾಡಿನುದ್ದಕ್ಕೂ ನೀಲಿ ಬೂದು ತೇಪೆಗಳು. ಅಂಗೈಯಷ್ಟಗಲ. ಅಂಚು ದುಂಡುದುಂಡಾಗಿ ಸೀಳಿದ ಎಸಳುಗಳು, ಒಂದೊಂದು ಮೂರ್ನಾಲ್ಕು ಮಿಲಿಮೀಟರ್ ಅಗಲ. ರಾತ್ರಿ ಮಳೆ ಬಂದಿದ್ದರಿಂದ ಉಬ್ಬಿ, ಬೆಳಕು ಸ್ವಲ್ಪ ತೂರಿ ಬರುತ್ತಿತ್ತು. ಬೆರಳು ಮುಟ್ಟಿಸಿದರೆ ತಣ್ಣಗೆ ಜಾರುತ್ತದೆ.

ಯಾಕೆ ಸರಿಯಾಗಿ ಮಳೆನೀರಿನ ಜಾಡಿನಲ್ಲೇ? ಇದಕ್ಕೆ ಒಳ್ಳೆ ಉತ್ತರ ಇದೆ. 1986ರಲ್ಲಿ ಜರ್ಮನಿಯ ಓಟೋ ಲಾಂಗೆ ಮತ್ತು ಸಂಗಡಿಗರು ಒಣ ಲೈಕೆನ್‌ಗಳನ್ನು ಬರೀ ತೇವದ ಗಾಳಿಯಲ್ಲಿಟ್ಟು ನೋಡಿದರು. ಹಸಿರು ಪಾಚಿ ಇದ್ದವು ಆ ಗಾಳಿಯ ತೇವದಿಂದಲೇ ಎದ್ದು ದ್ಯುತಿಸಂಶ್ಲೇಷಣೆ ಶುರು ಮಾಡಿದವು. ನೀಲಿ-ಹಸಿರು ಬ್ಯಾಕ್ಟೀರಿಯಾ ಇದ್ದವು ಏಳಲೇ ಇಲ್ಲ. ಅವಕ್ಕೆ ಹನಿ ನೀರೇ ಬೀಳಬೇಕು. ಗಿರಿಯ ಮಂಜು ಎಷ್ಟೇ ದಟ್ಟವಾಗಿರಲಿ, ಅದು ಹನಿಗಟ್ಟಿ ಇಳಿಯುವ ಕಡೆ ಮಾತ್ರ ಜೆಲ್ಲಿ ಲೈಕೆನ್‌ಗೆ ಊಟ.

"ಈಗ ಲೆನ್ಸ್ ಹಾಕು. ಮೇಲ್ಮೈ ಹೇಗಿದೆ ಹೇಳು," ಅಂದರು ಮೇಷ್ಟ್ರು.

ಲೆನ್ಸನ್ನು ಕಣ್ಣಿಗೆ ಅಂಟಿಸಿಕೊಂಡು ಮರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದೆ. ಎಸಳಿನ ಅಂಚು ನುಣ್ಣಗಿತ್ತು. ಒಳಗಡೆ ಬಂದ ಹಾಗೆ ಮೇಲ್ಮೈ ಮೇಲೆಲ್ಲ ಪುಟ್ಟ ಪುಟ್ಟ ಕಡ್ಡಿಗಳು. ಒಂದು ಮಿಲಿಮೀಟರೂ ಇಲ್ಲ. ಕೆಲವು ದುಂಡಗೆ ಉದ್ದ, ಕೆಲವು ಚಪ್ಪಟೆ, ಕೆಲವಕ್ಕೆ ಒಂದು ಕವಲು. ಬಣ್ಣ ಎಸಳಿನದೇ. ನಡುಭಾಗದಲ್ಲಿ ಎಷ್ಟು ಒತ್ತೊತ್ತಾಗಿದ್ದವು ಅಂದರೆ ಕೆಳಗಿನ ಮೈ ಕಾಣುತ್ತಿರಲಿಲ್ಲ. ಬೆರಳಿನಿಂದ ಮೆಲ್ಲಗೆ ಸವರಿದೆ. ನಾಲ್ಕೈದು ಕಡ್ಡಿ ಬೆರಳಿಗೇ ಅಂಟಿ ಬಂದವು.

"ಇಸಿಡಿಯಾ. ಇದು ಸಯನೆಸೆನ್ಸ್," ಅಂದರು. "ನಿನ್ನ ಬೆರಳಲ್ಲಿ ಈಗ ನಾಲ್ಕೈದು ಮರಿ ಇವೆ."

ಅದು ಬರೀ ಮಾತಲ್ಲ. ಒಂದೊಂದು ಕಡ್ಡಿಯೊಳಗೂ ಶಿಲೀಂಧ್ರದ ಎಳೆ ಇದೆ, ನಾಸ್ಟಾಕ್ ಸರವೂ ಇದೆ. ಮಳೆಹನಿ ಬಡಿದಾಗಲೋ ಇರುವೆ ಓಡಾಡಿದಾಗಲೋ ಮುರಿದು ಇನ್ನೊಂದು ಕಡೆ ಬಿದ್ದರೆ, ಇಬ್ಬರೂ ಜೊತೆಯಲ್ಲೇ ಹೋಗಿ ಹೊಸ ಸಂಸಾರ ಹೂಡುತ್ತಾರೆ.

ಅಜೂರಿಯಂ ಸಿಗಲು ಮಧ್ಯಾಹ್ನವಾಯಿತು. ಅದೂ ನಿಂತ ಮರದಲ್ಲಲ್ಲ. ಹೋದ ವಾರದ ಗಾಳಿಗೆ ಅತ್ತಿ ಮರದ ಒಂದು ಕೊಂಬೆ ಮುರಿದು ಕಾಫಿ ಗಿಡಗಳ ಮೇಲೆ ಬಿದ್ದಿತ್ತು. ತೋಟದ ಕೆಲಸ ನೋಡಿಕೊಳ್ಳುವ ರೈಟರು ಅದನ್ನು ಎಳೆಸಿ ದಾರಿ ಬದಿಗೆ ಹಾಕಿಸಿದ್ದರು. ಹತ್ತಾರು ಅಡಿ ಮೇಲಿದ್ದ ಕೊಂಬೆ ಕಾಲ ಬಳಿಗೇ ಬಂದಂತಾಯಿತು. ಲೈಕೆನ್ ನೋಡುವವರಿಗೆ ಬಿರುಗಾಳಿಯಷ್ಟು ಉಪಕಾರಿ ಬೇರೆ ಯಾರೂ ಇಲ್ಲ.

ಬಿಸಿಲಿಗೆ ಒಣಗಿದ್ದರಿಂದ ಮೊದಲು ಏನೂ ತೋಚಲಿಲ್ಲ. ಸೀಸದ ಬಣ್ಣದ ಸುಕ್ಕು ಸಿಪ್ಪೆ. ಮೇಷ್ಟ್ರು ಬಾಟ್ಲಿಯಿಂದ ನೀರು ಚಿಮುಕಿಸಿದರು. ಒಂದೆರಡು ನಿಮಿಷದಲ್ಲಿ ಸುಕ್ಕು ಬಿಚ್ಚಿತು, ಎಸಳು ಹರಡಿತು, ಬೂದು ಹೋಗಿ ನೀಲಿ ಬಂತು. ಬೆಳಗ್ಗೆ ಹಲಸಿನ ಮರದಲ್ಲಿ ನೋಡಿದ್ದೇ ಇದು ಅಂತ ಆಣೆ ಮಾಡಿ ಹೇಳಬಹುದಿತ್ತು. ಅದೇ ಅಗಲ, ಅದೇ ದುಂಡು ಅಂಚು. ಆದರೆ ಮೈ ಪೂರ್ತಿ ನುಣುಪು. ಒಂದು ಕಡ್ಡಿ ಇಲ್ಲ. ಬದಲಿಗೆ ಅಲ್ಲಲ್ಲಿ ದುಂಡನೆಯ ಕಂದುಗೆಂಪು ತಟ್ಟೆಗಳು, ಒಂದೆರಡು ಮಿಲಿಮೀಟರ್ ಅಗಲದವು. ಪ್ರತಿ ತಟ್ಟೆಗೂ ಮಾಸಲು ಬಿಳುಪಿನ ದಪ್ಪ ಅಂಚು. ಇವು ಅಪೋಥೀಸಿಯಾ. ಶಿಲೀಂಧ್ರ ತನ್ನ ಬೀಜಾಣು ತಯಾರಿಸುವ ಜಾಗ.

ಹಾಗಾದರೆ ಲೆಕ್ಕ ಸುಲಭ ಅಲ್ವಾ, ಕಡ್ಡಿ ಇದ್ದರೆ ಸಯನೆಸೆನ್ಸ್, ತಟ್ಟೆ ಇದ್ದರೆ ಅಜೂರಿಯಂ? ಪೂರ್ತಿ ಅಲ್ಲ. ಸಯನೆಸೆನ್ಸ್‌ನಲ್ಲೂ ಅಪರೂಪಕ್ಕೆ ತಟ್ಟೆ ಬರುತ್ತದೆ. ಹಾಗಾಗಿ ತಟ್ಟೆ ಕಂಡ ಕೂಡಲೇ ಹೆಸರು ಬರೆಯುವಂತಿಲ್ಲ, ಕಡ್ಡಿ ಇಲ್ಲವೇ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ತೇಪೆಯ ಅಂಚು ಮಾತ್ರ ನೋಡಿದರೂ ಸಾಲದು, ಹೊಸ ಎಸಳುಗಳಲ್ಲಿ ಕಡ್ಡಿ ಇನ್ನೂ ಮೂಡಿರಲ್ಲ. ನಡುಭಾಗ ನೋಡಲೇಬೇಕು. ಜೊತೆಗೆ ತಿರುಗಿಸಿ ಅಡಿ ಭಾಗವನ್ನೂ ನೋಡಬೇಕು. ಈ ಬೆಟ್ಟಗಳಲ್ಲೇ ಬೆಳೆಯುವ ಲೆಪ್ಟೋಜಿಯಂ ಬರ್ನೆಟಿಯೇ ಅನ್ನುವುದಕ್ಕೆ ಅಡಿಯಲ್ಲಿ ಬಿಳಿ ಕೂದಲಿನ ಹಾಸು ಇರುತ್ತದೆ. ನಮ್ಮ ಎರಡಕ್ಕೂ ಅಂಥ ಹಾಸು ಇಲ್ಲ.

ಚಿಕ್ಕಪ್ಪ ಅಷ್ಟು ಹೊತ್ತಿಗೆ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡು ಹೇಳಿದರು: "ಅಂದ್ರೆ ಒಂದು ಮೆಣಸಿನ ಬಳ್ಳಿ ಕಟಿಂಗ್ ಹಾಕಿದ ಹಾಗೆ, ಇನ್ನೊಂದು ಕಾಫಿ ಬೀಜ ಬಿತ್ತಿದ ಹಾಗೆ."

ನಾನು ಹೂಂ ಅಂದೆ. ಮೇಷ್ಟ್ರು ಒಪ್ಪಲಿಲ್ಲ. "ಕಾಫಿ ಬೀಜದೊಳಗೆ ಪೂರ್ತಿ ಕಾಫಿ ಗಿಡ ಇದೆ. ಇದರ ಬೀಜಾಣು ಒಳಗೆ ಅರ್ಧವೇ ಇರೋದು. ಶಿಲೀಂಧ್ರ ಮಾತ್ರ. ಬಿದ್ದ ಜಾಗದಲ್ಲಿ ನಾಸ್ಟಾಕ್ ಸಿಗಬೇಕು. ಸಿಗದಿದ್ರೆ ಕಥೆ ಮುಗೀತು."

ಮನೆಗೆ ಮರಳುವಾಗ ಅರೇಬಿಕಾ ಬ್ಲಾಕ್‌ನಲ್ಲಿ ಹೆಂಗಸರು ಕೈಗೆ ತೆಂಗಿನ ನಾರಿನ ಗವುಸು ಹಾಕಿಕೊಂಡು ಕಾಂಡ ಉಜ್ಜುತ್ತಿದ್ದರು. ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್-ಮೇನಲ್ಲಿ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ ಹಾರುತ್ತದೆ. ಎದ್ದ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಸಂದಿಯೇ ಇಲ್ಲದ ಹಾಗೆ ಉಜ್ಜಿ ನುಣ್ಣಗೆ ಮಾಡಿದರೆ ಮೊಟ್ಟೆಗೆ ಜಾಗವಿಲ್ಲ. ತೊಗಟೆಯ ಜೊತೆ ಲೈಕೆನ್ ಕೂಡ ಉದುರುತ್ತದೆ. ಇದರ ಮೇಲೆ ಎಲೆ ತುಕ್ಕು ರೋಗಕ್ಕೆ ಅಂತ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿರುವ ತಾಮ್ರ ನೀಲಿ-ಹಸಿರು ಬ್ಯಾಕ್ಟೀರಿಯಾಗೆ ವಿಷ. ಕಾಫಿ ಗಿಡದ ಮೇಲೆ ಜೆಲ್ಲಿ ಲೈಕೆನ್ ಹುಡುಕುವುದು ದಂಡ ಅಂತ ಮೇಷ್ಟ್ರು ಹೇಳಿದ್ದು ಇದಕ್ಕೇ. ನನಗೆ ಇದರಲ್ಲಿ ಯಾರ ಮೇಲೂ ಸಿಟ್ಟಿಲ್ಲ. ಕೊರಕ ಬಿದ್ದ ಗಿಡವನ್ನು ಕಿತ್ತು ಸುಡುವಾಗ ಚಿಕ್ಕಪ್ಪನ ಮುಖ ನೋಡಿದ್ದೇನೆ.

ಶನಿವಾರ

ಕೆಮ್ಮಣ್ಣುಗುಂಡಿಗೆ. ಲಿಂಗದಹಳ್ಳಿ ಕಡೆಯಿಂದ ಹತ್ತಿದೆವು. ಮೇಲೆ 1434 ಮೀಟರ್. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ಬಿಡಾರ ಇದ್ದ ಜಾಗ. ಭದ್ರಾವತಿಯ ಕಾರ್ಖಾನೆಗೆ ಇಲ್ಲಿಂದಲೇ ಕಬ್ಬಿಣದ ಅದಿರು ಹೋಗುತ್ತಿತ್ತು. ವಾರಾಂತ್ಯ ಆದ್ದರಿಂದ ಕಾರುಗಳ ಸಾಲು. ಗುಲಾಬಿ ತೋಟದಲ್ಲಿ ಸೆಲ್ಫಿ, ಝಡ್ ಪಾಯಿಂಟ್ ಕಡೆ ಇನ್ನಷ್ಟು ಸೆಲ್ಫಿ. ನಾವು ಮರಕ್ಕೆ ಮುಖ ಒತ್ತಿಕೊಂಡು ನಿಂತಿದ್ದನ್ನು ನೋಡಿ ಒಬ್ಬರು "ಏನಾದ್ರೂ ಹಾವಿದೆಯಾ?" ಅಂತ ಕೇಳಿದರು. ಮೇಷ್ಟ್ರು ಲೆನ್ಸ್ ಕೊಟ್ಟರು. ಆ ಮನುಷ್ಯ ನೋಡಿ, ಹೆಂಡತಿಯನ್ನೂ ಕರೆದು ತೋರಿಸಿ, "ಇದು ತಿನ್ನಬಹುದಾ?" ಅಂದರು. ನಮ್ಮ ಜನಕ್ಕೆ ಆ ಪ್ರಶ್ನೆ ಬಂದೇ ಬರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ.

ಇಲ್ಲಿ ಒಂದು ಚೂರನ್ನೂ ಕೀಳುವಂತಿಲ್ಲ. ಕಾಡಿನಲ್ಲಿ ಬಿದ್ದ ಕಡ್ಡಿಯನ್ನೂ ಅನುಮತಿ ಇಲ್ಲದೆ ಚೀಲಕ್ಕೆ ಹಾಕುವಂತಿಲ್ಲ. ಹಾಗಾಗಿ ಲೆನ್ಸು, ಕ್ಯಾಮೆರಾ, ನೋಟ್‌ಬುಕ್ ಅಷ್ಟೇ. ಒಂಥರಾ ಒಳ್ಳೆಯದೇ. ಕೀಳೋಕೆ ಆಗಲ್ಲ ಅಂದಾಗ ಜಾಸ್ತಿ ಹೊತ್ತು ನೋಡುತ್ತೇವೆ.

ಮಧ್ಯಾಹ್ನ ಜನ ಕಡಿಮೆ ಇರುವ ಕಡೆ ರಸ್ತೆ ಬದಿಯ ಒಂದು ದಪ್ಪ ಮರದಲ್ಲಿ ನಾನು ಬಂದದ್ದು ಯಾಕೆ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಎದೆಯೆತ್ತರದಲ್ಲಿ, ಹಾವಸೆಯ ನಡುವೆ, ಕಡ್ಡಿ ತುಂಬಿದ ಒಂದು ಸಯನೆಸೆನ್ಸ್ ತೇಪೆ. ಅದರಿಂದ ಒಂದು ಗೇಣು ಕೆಳಗೆ, ಅದೇ ನೀರಿನ ಜಾಡಿನಲ್ಲಿ, ನುಣ್ಣನೆ ಮೈಯ ತಟ್ಟೆ ಹೊತ್ತ ಅಜೂರಿಯಂ. ಒಂದೇ ಮರ, ಒಂದೇ ಜಾಡು, ಎರಡೂ ಒದ್ದೆ. ಅಕ್ಕಪಕ್ಕ ಇಟ್ಟು ನೋಡಿದಾಗ ಇನ್ನೊಂದು ಸಣ್ಣ ವ್ಯತ್ಯಾಸ ಇದೆಯೇನೋ ಅಂತ ಬಣ್ಣ, ಹೊಳಪು, ದಪ್ಪ ಎಲ್ಲ ಹೋಲಿಸಿದೆ. ಅಜೂರಿಯಂ ಒಂದು ಚೂರು ಹೆಚ್ಚು ಹೊಳೆಯುತ್ತಿತ್ತು ಅನಿಸಿತು. ಆದರೆ ಕಡ್ಡಿ ಇಲ್ಲದ ನುಣುಪು ಮೈ ಹೊಳೆಯದೆ ಏನು ಮಾಡುತ್ತದೆ? ಅದನ್ನು ಬೇರೆ ಲಕ್ಷಣ ಅಂತ ಲೆಕ್ಕಕ್ಕೆ ಹಿಡಿಯಲಾರೆ.

ಇಲ್ಲೇ ನಿಜವಾದ ಪ್ರಶ್ನೆ ಇರೋದು. ಸಂತಾನದ ದಾರಿ ಒಂದನ್ನು ಬಿಟ್ಟರೆ ಎರಡೂ ಒಂದೇ ಥರ ಇರುವಾಗ, ಇವು ಎರಡು ಜಾತಿಯಾ, ಅಥವಾ ಒಂದೇ ಜಾತಿಯ ಎರಡು ಚಾಳಿಯಾ? 1970ರಲ್ಲಿ ಯೋಸೆಫ್ ಪೋಲ್ಟ್ ಅನ್ನುವ ಲೈಕೆನ್ ತಜ್ಞ ಇಂಥವುಗಳಿಗೆ ಜಾತಿ-ಜೋಡಿ ಅನ್ನುವ ಚೌಕಟ್ಟು ಕೊಟ್ಟರು. ಬೀಜಾಣು ಬಿಡುವುದು ಮೂಲದ್ದು, ಮುರಿದು ಹರಡುವುದು ಅದರಿಂದ ಬಂದದ್ದು ಅನ್ನುವುದು ಅದರ ತಿರುಳು. ಆಮೇಲೆ ಡಿಎನ್ಎ ಓದಲು ಬಂದಾಗ ಬೇರೆ ಬೇರೆ ಕುಲಗಳ ಜೋಡಿಗಳು ಬೇರೆ ಬೇರೆ ಉತ್ತರ ಕೊಟ್ಟವು. ಕೆಲವು ಜೋಡಿ ನಿಜವಾಗಿ ಎರಡು ಜಾತಿ. ಕೆಲವದರಲ್ಲಿ ಎರಡೂ ಬೆರೆತುಹೋಗಿದ್ದವು, ಬೇರೆ ಬೇರೆ ಅಂತ ಹೇಳಲು ಆಧಾರವೇ ಇರಲಿಲ್ಲ. ಹಾಗಾಗಿ ಪೋಲ್ಟ್ ಹೇಳಿದ್ದು ಕಾನೂನಲ್ಲ, ಪ್ರತಿ ಜೋಡಿಗೂ ಹೋಗಿ ಕೇಳಬೇಕಾದ ಪ್ರಶ್ನೆ ಅಂತ ನನ್ನ ಅನಿಸಿಕೆ.

ಆದರೆ ಒಂದು ಗೇಣಿನ ಅಂತರದಲ್ಲಿ ಎರಡೂ ಇದ್ದದ್ದು ನೋಡಿ ಮೇಷ್ಟ್ರಿಗೆ ಬೇರೆಯೇ ಒಂದು ವಿಷಯ ನೆನಪಾಯಿತು. ಕಲ್ಲಿನ ಮೇಲೆ ಕೂತು, ಚಿಕ್ಕಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿ ತಿನ್ನುತ್ತಾ ಹೇಳಿದರು.

2002ರಲ್ಲಿ ಫಿನ್ಲೆಂಡಿನ ಯೌಕೋ ರಿಕ್ಕಿನೆನ್ ಮತ್ತು ಜೊತೆಗಾರರು ಒಂದೇ ಕಾಡಿನ ಮರಗಳ ಮೇಲೆ ಬೆಳೆಯುವ, ನಾಸ್ಟಾಕ್ ಇರುವ ಬೇರೆ ಬೇರೆ ಲೈಕೆನ್‌ಗಳನ್ನು ತೆಗೆದು ಒಳಗಿನ ನಾಸ್ಟಾಕ್‌ನ ಡಿಎನ್ಎ ನೋಡಿದರು. ಶಿಲೀಂಧ್ರಗಳು ಬೇರೆ ಬೇರೆ ಜಾತಿಯವಾದರೂ ನಾಸ್ಟಾಕ್‌ಗಳು ಹತ್ತಿರದ ಸಂಬಂಧಿಗಳು. ಅದರಿಂದ ಅವರು ಒಂದು ಊಹೆ ಕಟ್ಟಿದರು. ಮುರಿದು ಹರಡುವ ಜಾತಿಗಳು ಸರಿಯಾದ ನಾಸ್ಟಾಕನ್ನು ಹೊತ್ತು ಮರದಿಂದ ಮರಕ್ಕೆ ಹಂಚುತ್ತವೆ. ಬೀಜಾಣು ಮಾತ್ರ ಬಿಡುವ ಜಾತಿಗಳು ಆ ನಾಸ್ಟಾಕನ್ನೇ ಹಿಡಿದುಕೊಂಡು ಬದುಕು ಶುರು ಮಾಡುತ್ತವೆ. ಅಂದರೆ ಎರಡನೆಯದಕ್ಕೆ ಮೊದಲನೆಯದೇ ಆಸರೆ.

"ಹಾಗಾದ್ರೆ ಸರ್, ಇಲ್ಲಿ ಸಯನೆಸೆನ್ಸ್ ಮೇಲಿಂದ ಕಡ್ಡಿ ಉದುರಿಸ್ತಾ ಇದೆ, ಕೆಳಗೆ ಅಜೂರಿಯಂ ಅದರ ನಾಸ್ಟಾಕ್ ಉಪಯೋಗಿಸ್ಕೊಂಡು ಬೆಳೀತಿದೆ ಅಂತಾನಾ?"

"ಹಾಗೆ ಕಾಣ್ತದೆ ಅಂತ ಹೇಳ್ಬಹುದು. ಹಾಗೇ ಆಗಿದೆ ಅಂತ ಹೇಳೋಕಾಗಲ್ಲ. ಒಂದೇ ಜಾಡಲ್ಲಿ ಇವೆ ಅಂದ್ರೆ ಇಬ್ಬರಿಗೂ ಅದೇ ನೀರು ಬೇಕು ಅನ್ನೋದಷ್ಟೇ ಇರಬಹುದು."

ಮೇಷ್ಟ್ರ ಎಚ್ಚರ ಸರಿಯೇ. ಆದರೂ ಆ ಮೇಲೆ ನಾನು ಅಜೂರಿಯಂ ಕಂಡ ಕಡೆಯೆಲ್ಲ ಸುತ್ತ ಒಂದು ಮಾರು ದೂರದಲ್ಲಿ ಸಯನೆಸೆನ್ಸ್ ಇದೆಯಾ ಅಂತ ಹುಡುಕಿದೆ. ಕೆಲವು ಕಡೆ ಇತ್ತು. ಕೆಲವು ಕಡೆ ಬೇರೆ ಜೆಲ್ಲಿ ಲೈಕೆನ್ ಇತ್ತು. ಒಂದು ಮರದಲ್ಲಿ ಅಜೂರಿಯಂ ಒಂಟಿಯಾಗಿತ್ತು, ಕೈಗೆಟುಕುವ ಎತ್ತರದವರೆಗೆ ಅದರ ನೆಂಟರು ಯಾರೂ ಕಾಣಲಿಲ್ಲ. ಆ ಮರ ನೋಟ್‌ಬುಕ್ಕಿನಲ್ಲಿ ದಪ್ಪ ಗೆರೆ ಎಳೆಸಿಕೊಂಡಿತು. ಮೇಲಿನ ಕೊಂಬೆಯಲ್ಲಿ ಏನಿದೆಯೋ ಅದು ಇನ್ನೊಂದು ಬಿರುಗಾಳಿಯ ಕೆಲಸ.

ಅದೇ ದಿನದ ಇನ್ನೊಂದು ಸಾಲು: ಕಡ್ಡಿಯೂ ಇಲ್ಲದ, ತಟ್ಟೆಯೂ ಇಲ್ಲದ ಎಳೇ ತೇಪೆಗಳು. ಉಗುರಿನಷ್ಟಗಲ. ಇವು ಎರಡರಲ್ಲಿ ಯಾವುದರ ಮರಿಯಾದರೂ ಆಗಿರಬಹುದು. ನಾನು ಸುಮ್ನೆ "ಲೆಪ್ಟೋಜಿಯಂ" ಅಂತ ಬರೆದು ಮುಂದೆ ಹೋದೆ. ಹೆಸರು ಹಾಕಲೇಬೇಕು ಅನ್ನುವ ಹಟದಲ್ಲಿ ಎಷ್ಟು ಪಟ್ಟಿಗಳು ಕೆಡುತ್ತವೋ.

ಭಾನುವಾರ

ಬೆಳಗಿನಿಂದ ಮಳೆ. ಗಿರಿ ರಸ್ತೆಗೆ ಹೋಗುವ ಯೋಜನೆ ಬಿಟ್ಟೆವು. ಚಿಕ್ಕಮ್ಮ ಕಡುಬು ಮಾಡಿದರು, ಜಾಸ್ತಿ ತಿಂದೆ, ಮಲಗಿದೆ.

ಮಳೆ ನಿಂತ ಮೇಲೆ ಚಿಕ್ಕಪ್ಪ ಕರೆದರು. ಕಾಫಿ ಕಣದ ಅಂಚಿನಲ್ಲಿ, ಸಿಮೆಂಟು ಮುಗಿದು ಗಟ್ಟಿ ಮಣ್ಣು ಶುರುವಾಗುವ ಕಡೆ, ಆಲಿವ್ ಬಣ್ಣದ ಲೋಳೆ ಮುದ್ದೆಗಳು. "ಇದೂ ನಿನ್ನ ಗಿರಾಕಿನಾ?"

ಅರ್ಧ ಗಿರಾಕಿ. ಅದು ಲೈಕೆನ್ ಅಲ್ಲ, ಶಿಲೀಂಧ್ರದ ಸಹವಾಸ ಇಲ್ಲದೆ ಒಂಟಿಯಾಗಿ ಬದುಕುವ ನಾಸ್ಟಾಕ್. ಮಳೆಗಾಲದಲ್ಲಿ ಶಾಲೆ ಮೈದಾನ, ತಾರಸಿ, ಅಂಗಳ ಎಲ್ಲೆಂದರಲ್ಲಿ ಕಾಣುತ್ತದೆ, ಕಾಲಿಟ್ಟರೆ ಜಾರಿ ಬೀಳುತ್ತೇವೆ. ಒಣಗಿದರೆ ಕಪ್ಪು ಹೊಟ್ಟು, ಮತ್ತೆ ಮಳೆ ಬಂದರೆ ಮತ್ತೆ ಮುದ್ದೆ. ನಾಸ್ಟಾಕ್ ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡಬಲ್ಲದು ಅಂದಾಗ ಚಿಕ್ಕಪ್ಪನಿಗೆ ಅದರ ಮೇಲೆ ಗೌರವ ಬಂತು. "ಯೂರಿಯಾ ಚೀಲ ಇಲ್ಲದೇನೇ?" ಹೌದು. ಮರದ ಮೇಲಿನ ಜೆಲ್ಲಿ ಲೈಕೆನ್‌ಗಳೂ ಅದನ್ನೇ ಮಾಡುತ್ತವೆ. ಅವು ಉದುರಿ ಕೊಳೆತಾಗ, ಮಳೆನೀರಲ್ಲಿ ತೊಳೆದು ಇಳಿದಾಗ, ಸ್ವಲ್ಪ ಸಾರಜನಕ ಬುಡಕ್ಕೆ ಸೇರುತ್ತದೆ. ಚೀಲದ ಲೆಕ್ಕದಲ್ಲಿ ಹೇಳುವಷ್ಟು ಅಲ್ಲ ಅಂತ ನಾನೇ ಸೇರಿಸಿದೆ. ಇಲ್ಲದಿದ್ದರೆ ನಾಳೆ ರೈಟರಿಗೆ ಗೊಬ್ಬರ ಕಮ್ಮಿ ಮಾಡು ಅಂತ ಹೇಳಿಬಿಡುತ್ತಿದ್ದರು.

"ಹಾಗಾದ್ರೆ ನಿನ್ನ ಅಜೂರಿಯಂ ಬೀಜ ಇಲ್ಲಿ ಬಿದ್ರೆ ಸಾಕಲ್ವಾ, ಇಷ್ಟೊಂದು ನಾಸ್ಟಾಕ್ ಬಿದ್ದಿದೆ?"

ಒಳ್ಳೆ ಪ್ರಶ್ನೆ. ನೆಲದ ಮೇಲೆ ಒಂಟಿಯಾಗಿರುವ ನಾಸ್ಟಾಕ್ ತಳಿಯೂ ಮರದ ಲೈಕೆನ್‌ಗೆ ಒಗ್ಗುವ ತಳಿಯೂ ಒಂದೇ ಆಗಿರಬೇಕು ಅಂತಿಲ್ಲ. ಒಗ್ಗುವ ಜೊತೆಗಾರ ಸಿಗುವುದೇ ಕಷ್ಟ, ಅದಕ್ಕೇ ರಿಕ್ಕಿನೆನ್ ಅವರ ಊಹೆಗೆ ತೂಕ. ಹೀಗೆ ಹೇಳಿದಾಗ ಚಿಕ್ಕಮ್ಮ ಒಳಗಿನಿಂದ "ನಿನಗೂ ಒಗ್ಗೋವ್ರು ಯಾರೂ ಸಿಗ್ತಿಲ್ವಲ್ಲ" ಅಂದರು. ಆ ಸಂಭಾಷಣೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ಸೋಮವಾರ

ಮಧ್ಯಾಹ್ನದ ಬಸ್ಸಿಗೆ ಮೊದಲು ಮೇಷ್ಟ್ರ ಮನೆ. ಅಲ್ಲಿ ಹಳೇ ಮೈಕ್ರೋಸ್ಕೋಪ್ ಇದೆ. ತೋಟದ ಅತ್ತಿ ಕೊಂಬೆಯಿಂದ ಚಿಕ್ಕಪ್ಪನನ್ನು ಕೇಳಿ ತಂದ ಒಂದು ಚೂರು ಅಜೂರಿಯಂ, ಹಲಸಿನ ಬುಡದಲ್ಲಿ ತೊಗಟೆ ಸಮೇತ ಉದುರಿದ್ದ ಒಂದು ಚೂರು ಸಯನೆಸೆನ್ಸ್ ನನ್ನ ಹತ್ತಿರ ಇದ್ದವು. ಮೇಷ್ಟ್ರು ಅವನ್ನು ನೆನೆಸಿ, ಹೊಸ ಬ್ಲೇಡಿನಿಂದ ಸಣ್ಣಗೆ ಸೀಳಿದರು. ಅರವತ್ತು ದಾಟಿದ ಕೈ ಒಂಚೂರೂ ನಡುಗಲಿಲ್ಲ.

ಮೊದಲು ಸಯನೆಸೆನ್ಸ್ ಸೀಳು. ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು, ಒತ್ತಾಗಿ ಕೂತ ಚೌಕು ಕೋಶಗಳು. ಒಂದೇ ಕೋಶದ ದಪ್ಪದ ಚರ್ಮ. ನಡುವೆ ಬಣ್ಣವಿಲ್ಲದ ಅಂಟಿನಲ್ಲಿ ನೀಲಿ-ಹಸಿರು ಮಣಿಸರಗಳು ಎಲ್ಲೆಂದರಲ್ಲಿ, ಅವುಗಳ ನಡುವೆ ಶಿಲೀಂಧ್ರದ ಎಳೆಗಳು. ಸರದಲ್ಲಿ ಅಲ್ಲೊಂದು ಇಲ್ಲೊಂದು ಮಣಿ ಬೇರೆಯವಕ್ಕಿಂತ ತಿಳಿಯಾಗಿ, ಗೋಡೆ ದಪ್ಪಗಿತ್ತು. ಹೆಟೆರೋಸಿಸ್ಟ್. ಸಾರಜನಕ ಹಿಡಿಯುವ ಕೆಲಸ ಅದರದ್ದು. ಒಂದು ಕಡ್ಡಿಯೂ ಸೀಳಿನಲ್ಲಿ ಸಿಕ್ಕಿತ್ತು. ಅದಕ್ಕೂ ಅದೇ ಚರ್ಮ, ಒಳಗೆ ಅದೇ ಸರಗಳು.

ಅಜೂರಿಯಂ ಸೀಳು ಹಾಕಿದಾಗ ನಾನು ಸ್ಲೈಡ್ ಬದಲಿಸಿದ್ದೇ ಗೊತ್ತಾಗಲಿಲ್ಲ. ಎಲ್ಲ ಹಾಗೇ. ತಟ್ಟೆಯ ಸೀಳು ಬಂದಾಗ ಮಾತ್ರ ಬೇರೆ ಲೋಕ. ಉದ್ದ ಚೀಲಗಳ ಸಾಲು, ಒಂದೊಂದು ಚೀಲದಲ್ಲೂ ಎಂಟು ಬೀಜಾಣು. ಪ್ರತಿ ಬೀಜಾಣುವೂ ಬಣ್ಣವಿಲ್ಲದ್ದು, ಒಳಗೆ ಅಡ್ಡ ಗೋಡೆ, ಉದ್ದ ಗೋಡೆ ಎದ್ದು ಕೋಣೆ ಕೋಣೆಯಾಗಿ ಭಾಗವಾಗಿದೆ. ಒಂದು ನಾಸ್ಟಾಕ್ ಮಣಿಯೂ ಚೀಲದೊಳಗಿಲ್ಲ. ಮೇಷ್ಟ್ರು ತೋಟದಲ್ಲಿ ಹೇಳಿದ "ಅರ್ಧವೇ ಇರೋದು" ಕಣ್ಣೆದುರಿಗೇ ಇತ್ತು.

ಆ ಒಂದು ಸಾಲಿನ ಚರ್ಮದ ಮೇಲೆ ಒಂದು ಕಾಲದಲ್ಲಿ ದೊಡ್ಡ ವಿಂಗಡಣೆಯೇ ನಿಂತಿತ್ತು. ಚರ್ಮ ಇದ್ದರೆ ಲೆಪ್ಟೋಜಿಯಂ, ಇಲ್ಲದಿದ್ದರೆ ಕೊಲೆಮಾ ಅನ್ನುವ ಇನ್ನೊಂದು ಕುಲ. ಮೇಷ್ಟ್ರು ಓದಿದ್ದು, ನಮಗೆ ಪಾಠ ಮಾಡಿದ್ದು ಅದನ್ನೇ. 2014ರಲ್ಲಿ ಓತಾಲೊರಾ ಮತ್ತು ಸಂಗಡಿಗರು ಡಿಎನ್ಎ ನೋಡಿ ಇಡೀ ಮನೆತನವನ್ನು ಬಿಚ್ಚಿ ಜೋಡಿಸಿದರು. ಚರ್ಮ ಒಂದನ್ನೇ ನಂಬಿದರೆ ನಿಜವಾದ ನೆಂಟಸ್ತಿಕೆ ಹಿಡಿಯಲಾಗದು ಅಂತ ಗೊತ್ತಾಗಿ ಹಲವು ಜಾತಿಗಳು ಸೈಟಿನಿಯಂ, ಲ್ಯಾಥಾಗ್ರಿಯಂ, ಎಂಕೈಲಿಯಂ ಅನ್ನುವ ಕುಲಗಳಿಗೆ ಹೋದವು. ನಮ್ಮ ಎರಡೂ ಲೆಪ್ಟೋಜಿಯಂನಲ್ಲೇ ಉಳಿದವು. "ಹಳೇ ಲೇಬಲ್ ಎಲ್ಲ ತಿದ್ದಬೇಕಲ್ಲ ಮಾರಾಯ್ತಿ," ಅಂತ ಮೇಷ್ಟ್ರು ಗೊಣಗಿದರು. ಆದರೆ ಕಪಾಟು ತೆಗೆದು ತೋರಿಸಿದಾಗ ಅರ್ಧಕ್ಕೂ ಹೆಚ್ಚು ಲೇಬಲ್ ಆಗಲೇ ತಿದ್ದಿದ್ದರು, ಪೆನ್ಸಿಲ್ಲಿನಲ್ಲಿ. ಪೆನ್ನಲ್ಲಿ ಯಾಕಿಲ್ಲ ಅಂದರೆ ನಕ್ಕರು.

ಲಖನೌದಲ್ಲಿ ಧರಣಿಧರ ಅವಸ್ಥಿ ಅವರು ಜೀವಮಾನವಿಡೀ ಭಾರತದ ಲೈಕೆನ್‌ಗಳ ಜಾತಿ ಗುರುತಿಸುವ ಕೀಲಿ ಕಟ್ಟಿದ್ದು, ಅಲ್ಲಿನ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ದೊಡ್ಡ ಸಂಗ್ರಹ, ಪುಣೆಯ ಅಘಾರ್ಕರ್ ಸಂಸ್ಥೆಯ ಸಂಗ್ರಹ ಇವುಗಳ ಬಗ್ಗೆ ಮಾತು ಹೊರಳಿ ಬಸ್ಸಿಗೆ ತಡವಾಗುವುದರಲ್ಲಿತ್ತು. ನನ್ನ ಎರಡು ಚೂರುಗಳನ್ನು ಮೇಷ್ಟ್ರು ಕಾಗದದ ಪೊಟ್ಟಣದಲ್ಲಿ ಮಡಚಿಟ್ಟು, ಮರದ ಹೆಸರು, ನೆಲದಿಂದ ಎತ್ತರ, ತೊಗಟೆಯ ಯಾವ ದಿಕ್ಕು ಅಂತೆಲ್ಲ ನನ್ನಿಂದಲೇ ಬರೆಸಿದರು.

ಬಸ್ಸು ಬೇಲೂರು ದಾಟುವಾಗ ಚಿಕ್ಕಪ್ಪನ ವಾಟ್ಸಾಪ್ ಬಂತು. ಗವುಸಿನವರು ಇನ್ನೂ ಮುಟ್ಟದ ಒಂದು ಹಳೇ ಅರೇಬಿಕಾ ಕಾಂಡದ ಫೋಟೋ. ಅದರ ಮೇಲೆ ಸೀಸದ ಬಣ್ಣದ ಸುಕ್ಕು ತೇಪೆ. ಕಾಫಿ ಗಿಡದ ಮೇಲೆ ಇರಲ್ಲ ಅಂದಿದ್ರಲ್ಲ ನಿಮ್ಮ ಮೇಷ್ಟ್ರು, ಇದು ಯಾವುದು, ಕಡ್ಡಿಯದಾ ತಟ್ಟೆಯದಾ ಅಂತ ಕೇಳಿದ್ದರು. ಒಣಗಿರುವಾಗ ತೆಗೆದ ಫೋಟೋ, ಏನೂ ಕಾಣುತ್ತಿರಲಿಲ್ಲ. ನೀರು ಚಿಮುಕಿಸಿ ಎರಡು ನಿಮಿಷ ಬಿಟ್ಟು, ನಡುಭಾಗದ್ದು ಹತ್ತಿರದಿಂದ ಇನ್ನೊಂದು ತೆಗೆದು ಕಳಿಸಿ ಅಂತ ಬರೆದೆ. ಆ ಗಿಡವನ್ನು ಇವತ್ತೊಂದು ದಿನ ಉಜ್ಜಿಸಬೇಡಿ ಅಂತಲೂ.